ಮೋಲಾರ್ ಹರಿವಿನ ಏಕಮಾನಗಳು: ಪ್ರಯೋಗಾಲಯದಲ್ಲಿ ನಾನು ಲೆಕ್ಕ ಹಾಕುವ ಬಗೆ

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಎಥನಾಲ್ ಮತ್ತು ನೀರಿನ ಹಬೆಯಿಂದ ಹೈಡ್ರೋಜನ್ ತಯಾರಿಸುವ ಸಣ್ಣ ರಿಯಾಕ್ಟರ್ ನಡೆಸುವುದು ನನ್ನ ಕೆಲಸ. ಅದಕ್ಕೆ ಹೋಗುವ ನೈಟ್ರೋಜನ್ ಅನ್ನು ಮಾಸ್ ಫ್ಲೋ ಕಂಟ್ರೋಲರ್ (ಅನಿಲದ ಹರಿವನ್ನು ಅಳೆದು ನಿಯಂತ್ರಿಸುವ ಉಪಕರಣ) ಎಸ್‌ಸಿಸಿಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಸ್ಟ್ಯಾಂಡರ್ಡ್ ಘನ ಸೆಂಟಿಮೀಟರ್ ಎಂದು ತೋರಿಸುತ್ತದೆ; ಎಥನಾಲ್ ಪಂಪಿನಲ್ಲಿ ನಿಮಿಷಕ್ಕೆ ಮಿಲಿಲೀಟರ್ ಇರುತ್ತದೆ; ಕಾರ್ಖಾನೆಯವರು ಕಳಿಸುವ ಫ್ಲೋಶೀಟಿನಲ್ಲಿ ಗಂಟೆಗೆ ಕಿಲೋಮೋಲ್ ಇರುತ್ತದೆ. ಮೋಲ್ ಎಂದರೆ ಅಣುಗಳ ಒಂದು ನಿಗದಿತ ಎಣಿಕೆ. ರಾಸಾಯನಿಕ ಸಮೀಕರಣದ ಗುಣಾಂಕಗಳು ಮೋಲ್‌ಗಳ ಅನುಪಾತವಾದ್ದರಿಂದ, ಇವೆಲ್ಲವನ್ನೂ ಮೋಲ್‌ಗೆ ತರುವವರೆಗೆ ಯಾವುದನ್ನೂ ಯಾವುದರೊಂದಿಗೂ ಹೋಲಿಸಲಾಗದು.

ಕಾಲ ಮತ್ತು ಪ್ರಮಾಣಗಳನ್ನಷ್ಟೇ ಬದಲಿಸುವ ಪರಿವರ್ತನೆಗಳು ಸುಲಭ. ಗಂಟೆಗೆ ಕಿಲೋಮೋಲ್ ಇದ್ದರೆ 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೋಲ್ ಸಿಗುತ್ತದೆ. ಹಳೆಯ ಅಮೆರಿಕನ್ ದಾಖಲೆಗಳ ಪೌಂಡ್ ಮೋಲ್ ಎಂದರೆ 453.592 ಮೋಲ್, ಹಾಗಾಗಿ ಗಂಟೆಗೆ ಒಂದು ಪೌಂಡ್ ಮೋಲ್ ಎಂದರೆ ಸೆಕೆಂಡಿಗೆ 0.126 ಮೋಲ್. ದ್ರವಕ್ಕೆ ಸಾಂದ್ರತೆ ಮತ್ತು ಮೋಲಾರ್ ದ್ರವ್ಯರಾಶಿ (ಒಂದು ಮೋಲ್ ಎಷ್ಟು ಗ್ರಾಂ ಎಂಬುದು) ಸಾಕು: ನಿಮಿಷಕ್ಕೆ 0.1 ಮಿಲಿಲೀಟರ್ ಎಥನಾಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.0785 ಗ್ರಾಂ ತೂಗುತ್ತದೆ, ಅದನ್ನು 46.07ರಿಂದ ಭಾಗಿಸಿದರೆ ನಿಮಿಷಕ್ಕೆ 1.70 ಮಿಲಿಮೋಲ್. ಪಂಪಿನ ಅಂಕಿಯನ್ನೇ ನೆಚ್ಚಿಕೊಳ್ಳದೆ, ಎಥನಾಲ್ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಎಷ್ಟು ಇಳಿಯಿತೆಂದು ನೋಡುವುದು ನನ್ನ ರೂಢಿ.

ನಿಜವಾದ ಎಚ್ಚರ ಬೇಕಾಗುವುದು ಅನಿಲದ ವಿಷಯದಲ್ಲಿ, ಏಕೆಂದರೆ ‘ಸ್ಟ್ಯಾಂಡರ್ಡ್’ ಎಂಬ ಪದಕ್ಕೆ ಎಲ್ಲರೂ ಒಪ್ಪಿದ ಒಂದೇ ಅರ್ಥವಿಲ್ಲ. 0 ಡಿಗ್ರಿ ಮತ್ತು ಒಂದು ಅಟ್ಮಾಸ್ಫಿಯರ್ ಎಂದಿಟ್ಟುಕೊಂಡರೆ ಒಂದು ಮೋಲ್ ಆದರ್ಶ ಅನಿಲಕ್ಕೆ 22.414 ಲೀಟರ್, ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಪಿಎಸಿ 1982ರಲ್ಲಿ ಒತ್ತಡವನ್ನು ಒಂದು ಬಾರ್‌ಗೆ ಬದಲಿಸಿದ ಮೇಲಿನ ವ್ಯಾಖ್ಯೆಯಂತೆ 22.711 ಲೀಟರ್; 20 ಡಿಗ್ರಿ ಮತ್ತು ಒಂದು ಅಟ್ಮಾಸ್ಫಿಯರ್ ಆದರೆ 24.055 ಲೀಟರ್. ಈ ಮೂರರಲ್ಲಿ ಯಾವುದು ಎಂಬುದನ್ನು ಕಂಟ್ರೋಲರಿನ ಕ್ಯಾಲಿಬ್ರೇಷನ್ ಪ್ರಮಾಣಪತ್ರದಲ್ಲಿ ಓದಿದ ಮೇಲೆಯೇ ನಾನು ಲೆಕ್ಕಕ್ಕೆ ಕೂರುತ್ತೇನೆ. ನನ್ನಲ್ಲಿರುವುದು 0 ಡಿಗ್ರಿ, ಒಂದು ಅಟ್ಮಾಸ್ಫಿಯರಿನ ಉಪಕರಣವಾದ್ದರಿಂದ 50 ಎಸ್‌ಸಿಸಿಎಂ ಎಂದರೆ 50 ಭಾಗಿಸು 22,414, ಅಂದರೆ ನಿಮಿಷಕ್ಕೆ 2.231 ಮಿಲಿಮೋಲ್.

ಇದನ್ನು ಸಾಬೂನಿನ ಗುಳ್ಳೆಯ ಮೀಟರ್‌ನಿಂದ ತಾಳೆ ನೋಡುವ ಹಂತವೇ ಎಲ್ಲಕ್ಕಿಂತ ಹೆಚ್ಚು ಕಲಿಸುವಂಥದ್ದು. ಗಾಜಿನ ಕೊಳವೆಯಲ್ಲಿ ಗುಳ್ಳೆಯ ಪೊರೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಏರುವ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿದರೆ, ಕಂಟ್ರೋಲರ್ 50 ಎನ್ನುತ್ತಿರುವಾಗ ಗುಳ್ಳೆ ನಿಮಿಷಕ್ಕೆ ಸುಮಾರು 63 ಮಿಲಿಲೀಟರ್ ಎನ್ನುತ್ತದೆ. ಹೊಸಬರು ಉಪಕರಣ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲಿಯೇ. ವಾಸ್ತವದಲ್ಲಿ ಎರಡೂ ಸರಿಯಾಗಿವೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ 910 ಹೆಕ್ಟೋಪ್ಯಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ 27.24 ಲೀಟರ್ ಜಾಗ ಹಿಡಿಯುತ್ತದೆ, ಅಂದರೆ 2.231 ಮಿಲಿಮೋಲ್‌ಗೆ ಸುಮಾರು 60.8 ಮಿಲಿಲೀಟರ್. ಉಳಿದ ಎರಡು ಮಿಲಿಲೀಟರ್ ನೀರಾವಿಯದು: ಒದ್ದೆ ಕೊಳವೆಯಲ್ಲಿ ಹಾದುಹೋಗುವ ಅನಿಲ ತೇವದಿಂದ ತುಂಬಿಕೊಳ್ಳುತ್ತದೆ, 25 ಡಿಗ್ರಿಯಲ್ಲಿ ಆ ಆವಿಯ ಒತ್ತಡ 31.7 ಹೆಕ್ಟೋಪ್ಯಾಸ್ಕಲ್, ನೈಟ್ರೋಜನ್ ಪಾಲಿಗೆ ಉಳಿಯುವುದು 878 ಮಾತ್ರ. ಈ ಒತ್ತಡವನ್ನು ಹಾಕಿದರೆ 63 ಮಿಲಿಲೀಟರ್ ಮತ್ತೆ 2.23 ಮಿಲಿಮೋಲ್‌ಗೇ ಬಂದು ನಿಲ್ಲುತ್ತದೆ, ಹಾಗೆ ನಿಂತಾಗ ಆಗುವ ಸಮಾಧಾನವೇ ಬೇರೆ.

ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1012ರಂಥ ಅಂಕಿಯನ್ನು ಈ ಲೆಕ್ಕಕ್ಕೆ ಬಳಸಕೂಡದು, ಅದು ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳಿದ ಒತ್ತಡ. ಪ್ರಯೋಗಾಲಯದ ಗೋಡೆಯ ಮೇಲಿನ ಬ್ಯಾರೋಮೀಟರನ್ನೇ ನೋಡಬೇಕು.

ಅನಿಲ ಬದಲಾದರೆ ಇನ್ನೊಂದು ತಿದ್ದುಪಡಿಯೂ ಸೇರುತ್ತದೆ. ಉಷ್ಣ ಸಂವೇದಕದ ಕಂಟ್ರೋಲರ್ ಅನಿಲ ಹೊತ್ತೊಯ್ಯುವ ಶಾಖವನ್ನು ಅಳೆಯುವುದರಿಂದ, ನೈಟ್ರೋಜನ್‌ಗೆ ಹೊಂದಿಸಿದ ಉಪಕರಣದಲ್ಲಿ ಕಾರ್ಬನ್ ಡೈಆಕ್ಸೈಡ್ ಹರಿಸಿದರೆ ತೋರಿದ ಅಂಕಿಯನ್ನು ಸುಮಾರು 0.7ರಿಂದ ಗುಣಿಸಬೇಕಾಗುತ್ತದೆ, ನಿಖರವಾದ ಗುಣಕ ತಯಾರಕರ ಕೈಪಿಡಿಯಲ್ಲಿರುತ್ತದೆ.

ಇಷ್ಟೆಲ್ಲ ಜಾಗ್ರತೆಗೆ ಕಾರಣವಿದೆ. ನೈಟ್ರೋಜನ್ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲವಾದ್ದರಿಂದ, ಹೊರಬರುವ ಒಣ ಅನಿಲದ ಒಟ್ಟು ಮೋಲಾರ್ ಹರಿವನ್ನು ನಾನು ಅದರಿಂದಲೇ ಕಂಡುಹಿಡಿಯುತ್ತೇನೆ: ಮಿಶ್ರಣದಲ್ಲಿ ಪ್ರತಿ ಅನಿಲದ ಪಾಲನ್ನು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ನೈಟ್ರೋಜನ್ ಪಾಲು ಶೇ. 22 ಎಂದರೆ, 2.231 ಭಾಗಿಸು 0.22, ನಿಮಿಷಕ್ಕೆ 10.14 ಮಿಲಿಮೋಲ್. ಹೀಗೆ ಪಡೆದ ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್‌ಗಳ ಕಾರ್ಬನ್ನಿಗೆ, ತಣಿಸಿ ಹಿಡಿದ ದ್ರವದಲ್ಲಿ ಉಳಿದ ಕಾರ್ಬನ್ನನ್ನು ಕೂಡಿಸಿ, ತಕ್ಕಡಿ ಹೇಳಿದ ಎಥನಾಲ್‌ನ ಕಾರ್ಬನ್ನಿನೊಂದಿಗೆ ಹೋಲಿಸುತ್ತೇನೆ. ತಕ್ಕಡಿಗೆ ಸ್ಟ್ಯಾಂಡರ್ಡ್ ಉಷ್ಣತೆಯ ಗೊಡವೆಯಿಲ್ಲ. ಹಾಗಾಗಿ ಬಂದ ಕಾರ್ಬನ್ನೆಲ್ಲ ಅನಿಲವಾಗಿಯೇ ಹೊರಹೋಗುತ್ತಿರುವಾಗ ಲೆಕ್ಕ ಶೇ. 107 ಎಂದು ಪದೇ ಪದೇ ತೋರಿಸಿದರೆ, ಕ್ರಿಯಾವರ್ಧಕವನ್ನು ಶಂಕಿಸುವ ಮೊದಲು ನಾನು ಪ್ರಮಾಣಪತ್ರವನ್ನು ತೆಗೆಯುತ್ತೇನೆ: 24.055 ಬಳಸಬೇಕಾದ ಕಡೆ 22.414 ಬಳಸಿದರೆ ಬರುವ ವ್ಯತ್ಯಾಸ ಸರಿಯಾಗಿ ಅಷ್ಟೇ.