ಸ್ಯಾಸ್‌ನಲ್ಲಿ ಸೊನ್ನೆ ಸಾಲು ಬಂದರೆ ಉದ್ಧರಣ ಚಿಹ್ನೆ ನೋಡಿ
ದತ್ತಾಂಶ ವಿಶ್ಲೇಷಣೆಯ ತಂತ್ರಾಂಶವಾದ ಸ್ಯಾಸ್‌ನಲ್ಲಿ ಮ್ಯಾಕ್ರೋ ವೇರಿಯಬಲ್ (ಒಂದು ಬೆಲೆಯ, ಅಂದರೆ ವ್ಯಾಲ್ಯೂವಿನ, ಬದಲಿಗೆ ಬರೆಯುವ ಹೆಸರು) ಹಾಕಿದ ಷರತ್ತಿಗೆ ಒಂದು ಸಾಲೂ ಸಿಗದಿದ್ದರೆ, ಮೊದಲು ಅದರ ಸುತ್ತಲಿನ ಒಂಟಿ ಉದ್ಧರಣ ಚಿಹ್ನೆಯನ್ನು ಜೋಡಿ ಚಿಹ್ನೆಗೆ ಬದಲಿಸಿ. ಒಂಟಿ ಚಿಹ್ನೆಯೊಳಗೆ, ಹೆಸರಿನ ಜಾಗಕ್ಕೆ ಬೆಲೆ ತುಂಬುವ ಮ್ಯಾಕ್ರೋ ಪ್ರೊಸೆಸರ್ ಇಣುಕಿಯೂ ನೋಡುವುದಿಲ್ಲ. '&taluk' ಎಂದು ಬರೆದರೆ ಅದು ಮೂಡಿಗೆರೆಯಾಗದೆ, & ಸಮೇತ ಹಾಗೆಯೇ ಉಳಿಯುತ್ತದೆ; ಅಂಥ ಹೆಸರಿನ ತಾಲ್ಲೂಕು ನಮ್ಮ ಚಿಕ್ಕಮಗಳೂರಿನ ಮಳೆ ದಾಖಲೆಯಲ್ಲಿ ಎಲ್ಲಿಂದ ಬರಬೇಕು? ಕೋಡ್ ಓಡಿದ ವಿವರ ದಾಖಲಾಗುವ ಲಾಗ್‌ನಲ್ಲಿ ಎಚ್ಚರಿಕೆಯೂ ಕಾಣಿಸುವುದಿಲ್ಲ. ನಿಜವಾದ ಅಪಾಯ ಅದೇ, ಏಕೆಂದರೆ ಮಳೆಯೇ ಬಿದ್ದಿಲ್ಲವೆಂದು ವರದಿ ಹೋಗಿಬಿಡಬಹುದು. "&taluk" ಎಂದಾಗ ಬೆಲೆ ಸರಿಯಾಗಿ ಬಂದು ಕೂರುತ್ತದೆ. ಸಿಂಬಲ್‌ಜೆನ್ ಆಯ್ಕೆಯನ್ನು ಚಾಲೂ ಮಾಡಿಟ್ಟರೆ ಯಾವ ಬೆಲೆ ಬಂತೆಂದು ಲಾಗ್ ತಾನೇ ತೋರಿಸುತ್ತದೆ. ಕೋಡ್ ಬರೆಯುವಾಗ ನಾನು ಅದನ್ನು ಆಫ್ ಮಾಡುವುದೇ ಇಲ್ಲ. ಆದರೆ ವೇರಿಯಬಲ್ ರಿಸಾಲ್ವ್ ಆಗಿಲ್ಲ (ಅದರ ಬೆಲೆ ಸಿಕ್ಕಿಲ್ಲ) ಎಂಬ ಎಚ್ಚರಿಕೆಯೇ ಬಂದಿದ್ದರೆ ಈ ಉಪಾಯ ನಡೆಯದು. ಆಗ ಹೆಸರಿನ ಕಾಗುಣಿತ ನೋಡಿ, ಇಲ್ಲವೇ ಮ್ಯಾಕ್ರೋ ಒಳಗೆ ಹುಟ್ಟಿದ ಸ್ಥಳೀಯ ವೇರಿಯಬಲನ್ನು ಹೊರಗೆ ಕೇಳುತ್ತಿದ್ದೀರಾ ಎಂದು ಪರೀಕ್ಷಿಸಿ. ಒರಾಕಲ್‌ನಂಥ ಡೇಟಾಬೇಸ್‌ಗೆ ನೇರವಾಗಿ ಕಳಿಸುವ ಎಸ್‌ಕ್ಯೂಎಲ್‌ನಲ್ಲಿಯೂ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ) ಜೋಡಿ ಚಿಹ್ನೆ ಬೇಡ, ಅಲ್ಲಿ ಅದನ್ನು ಕಾಲಂ ಹೆಸರೆಂದು ಓದಲಾಗುತ್ತದೆ.