ಹಳೆಯ ಅಂಬಾಸಿಡರ್‌ಗೆ ಬದಲಿ ಎಂಜಿನ್ ಬ್ಲಾಕ್ ಆರಿಸುವ ಬಗೆ

ಹುಬ್ಬಳ್ಳಿಯ ಗುಜರಿಯಲ್ಲಿ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಒಡಲು) ಸಿಕ್ಕೊಡನೆ ಹಣ ಕೊಡಬೇಡಿ. ಹಳೆಯ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ನೂ ಡೀಸೆಲ್ ಎಂಜಿನ್ನೂ 1489 ಸಿಸಿಯವೇ ಆಗಿದ್ದುದರಿಂದ, ಸಿಸಿ ಒಂದನ್ನೇ ನಂಬದೆ ಬ್ಲಾಕನ್ನು ಪರಿಚಿತ ಮೇಸ್ತ್ರಿಗೆ ತೋರಿಸಬೇಕು.

ಪೆಟ್ರೋಲ್ ಬ್ಲಾಕಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) ಸುಮಾರು 73 ಮಿ.ಮೀ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕುಗಳಲ್ಲಿ ಬೋರ್ ಗೇಜಿನಿಂದ ಅಳೆಯಿಸಿ. ಈಗಾಗಲೇ 1 ಮಿ.ಮೀ. ಹಿಗ್ಗಿಸಿದ್ದರೆ, ಸ್ಲೀವ್ (ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವ ಖರ್ಚನ್ನು ಬೆಲೆಯೊಂದಿಗೆ ಸೇರಿಸಿ ಯೋಚಿಸಿ. ನೀರಿನ ಜಾಕೆಟ್ಟಿನ (ಎಂಜಿನ್ ತಂಪಾಗಿಸುವ ನೀರು ಹರಿಯುವ ಜಾಗ) ಸುತ್ತ, ಹೆಡ್ ಬೋಲ್ಟುಗಳ ರಂಧ್ರಗಳ ನಡುವೆ ಬಿರುಕಿದೆಯೇ ಎಂದು ಒತ್ತಡ ಕೊಟ್ಟು ಪರೀಕ್ಷಿಸುವುದು ಅಗತ್ಯ.

ಅತ್ಯಂತ ಮುಖ್ಯವಾದುದು ಮೇನ್ ಬೇರಿಂಗ್ ಕ್ಯಾಪ್‌ಗಳು, ಅಂದರೆ ಕ್ರ್ಯಾಂಕ್ ದಂಡವನ್ನು ಬ್ಲಾಕಿಗೆ ಹಿಡಿದಿಡುವ ಮುಚ್ಚಳಗಳು. ಅವನ್ನು ಬ್ಲಾಕಿಗೆ ಬಿಗಿದೇ ಕೊರೆದಿರುವುದರಿಂದ ಬೇರೆ ಬ್ಲಾಕಿನ ಕ್ಯಾಪ್ ಜೋಡಿಸಿದರೆ ಕ್ರ್ಯಾಂಕ್ ಸರಾಗವಾಗಿ ತಿರುಗದೆ ಬಿಗಿಯಬಹುದು. ಕ್ಯಾಪಿಲ್ಲದ ಬ್ಲಾಕನ್ನು ನಾನಂತೂ ಕೊಳ್ಳುವುದಿಲ್ಲ. ಎಂಜಿನ್ ಸಂಖ್ಯೆ ಬದಲಾಗುವುದರಿಂದ ಖರೀದಿ ರಸೀದಿ ಪಡೆದು, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಿಕೊಳ್ಳಿ.