ತಿಪಟೂರು ನಾರು, ಮೋರಿ ಪೈಪು ಮತ್ತು ನನ್ನ ಹೋಮ್ ಥಿಯೇಟರ್

ಹೋದ ತಿಂಗಳು ತುಮಕೂರಿನ ಬಟವಾಡಿಯ ಮೇಷ್ಟ್ರು ನಮ್ಮ ಮನೆಗೆ ಬಂದು ಒಂದು ಗಂಟೆ ಸಿನಿಮಾ ನೋಡಿದರು. ಎದ್ದು ಹೊರಡುವಾಗ ಚೆನ್ನಾಗಿದೆ ಅಂತಲೂ ಹೇಳಲಿಲ್ಲ. ಸದ್ದು ಹೀರೋಕೆ ನಾನೇ ಮಾಡಿ ಗೋಡೆಗೆ ನಿಲ್ಲಿಸಿದ ಒಂದು ಪ್ಯಾನೆಲ್ ತಟ್ಟಿ, "ಇದು ನಿಜವಾಗ್ಲೂ ತೆಂಗಿನ ನಾರೇನಾ ಸಾರ್?" ಅಂದರು ಅಷ್ಟೇ. ಎರಡು ವರ್ಷದ ಹಿಂದೆ ಇದೇ ಮೇಷ್ಟ್ರು "ನಾರಲ್ಲಿ ಹಗ್ಗ ಹೊಸೀರಿ ಸಾರ್, ಥಿಯೇಟರ್ ಆಗಲ್ಲ" ಅಂತ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಎಲ್ಲರ ಮುಂದೆ ನಗಾಡಿದ್ದರು. ಆ ಇಡ್ಲಿಯ ಲೆಕ್ಕ ಚುಕ್ತಾ ಆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಹೋಮ್ ಥಿಯೇಟರ್ ಹುಚ್ಚಿನ ಐದು ಜನರ ಗುಂಪು. ಒಬ್ಬರು ಶಿರಾ, ಒಬ್ಬರು ಗುಬ್ಬಿ, ಉಳಿದವರು ತುಮಕೂರು. ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಮಾತು ಯಾವಾಗಲೂ ಒಂದೇ: ಯಾವ ರಿಸೀವರ್ (ಸ್ಪೀಕರುಗಳನ್ನೆಲ್ಲ ನುಡಿಸುವ ಪೆಟ್ಟಿಗೆ), ಯಾವ ಟವರ್ (ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್), ಯಾವ ಸಬ್ (ಬರೀ ಬೇಸಿಗೆ ಇರುವ ಸ್ಪೀಕರ್). ರೂಮಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲ. ಅದಕ್ಕೂ ಬೇರೆ ತಪ್ಪುಗಳಿಗೂ ಸೇರಿ ಸುಮಾರು 75 ಸಾವಿರ ಶುಲ್ಕ ಕಟ್ಟಿದ್ದೇನೆ.

ಹೇಗೆ ಅಂದರೆ, ಮೊದಲು 72 ಸಾವಿರ ಕೊಟ್ಟು ಟವರ್ ಸ್ಪೀಕರ್ ತಂದೆ. ಬೆಂಗಳೂರಿನ ಅಂಗಡಿಯಲ್ಲಿ ಕೇಳಿದಾಗ ಮೈ ಜುಮ್ ಅಂದಿತ್ತು. ಮನೆಗೆ ತಂದು ಹಾಕಿದರೆ ಗುಡಾಣದೊಳಗೆ ಮಾತಾಡಿದ ಹಾಗೆ. ಅಂಗಡಿಯಲ್ಲಿ ನೆಲಕ್ಕೆ ಕಾರ್ಪೆಟ್ಟು, ಗೋಡೆಗೆ ಬಟ್ಟೆ, ನಮ್ಮಲ್ಲಿ ಟೈಲ್ಸು, ಬರೀ ಗೋಡೆ, ಮೇಲೆ ಆರ್‌ಸಿಸಿ. ತಪ್ಪು ಸ್ಪೀಕರಿನದು ಅಂದುಕೊಂಡು ಒಂದು ವರ್ಷ ಒದ್ದಾಡಿ 40 ಸಾವಿರಕ್ಕೆ ಮಾರಿದೆ. ನಡುವೆ 6 ಸಾವಿರದ ಬೆಳ್ಳಿ ಬಣ್ಣದ ಕೇಬಲ್ ಬೇರೆ. ಅದು ಈಗ ತಾರಸಿಯಲ್ಲಿ ಬಟ್ಟೆ ಒಣಗಿಸೋಕೆ ಇದೆ. ಒಳ್ಳೇ ಗಟ್ಟಿ ಕೇಬಲ್, ಸುಳ್ಳು ಹೇಳಬಾರದು.

ಆಮೇಲೆ ರಿಸೀವರ್. ಒಂದು ಏಪ್ರಿಲ್ ಸಂಜೆ, ಮೊದಲ ಮಳೆ, ದೇವರಾಯನದುರ್ಗದ ಕಡೆಯಿಂದ ಗುಡುಗು. ಮೇನ್ ಆಫ್ ಮಾಡಿದ್ದೆ. ಡಿಶ್ ಕೇಬಲ್ ಮರೆತಿದ್ದೆ. ಸಿಡಿಲು ಎಲ್ಲೋ ಹತ್ತಿರದಲ್ಲೇ ಬಿತ್ತು. ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸು, ಅಲ್ಲಿಂದ ಎಚ್‌ಡಿಎಂಐ, ಅಲ್ಲಿಂದ ರಿಸೀವರ್. ಸೀದಾ ದಾರಿ. ರಿಪೇರಿಗೆ 14 ಸಾವಿರ, ಅದಕ್ಕೂ ಗ್ಯಾರಂಟಿ ಇಲ್ಲ ಅಂದರು. 34 ಸಾವಿರದ್ದನ್ನು ಬಿಡಿ ಭಾಗಕ್ಕೆ 6 ಸಾವಿರಕ್ಕೆ ಕೊಟ್ಟೆ. ಈಗ ಮೋಡ ಕಪ್ಪಾದರೆ ಮೊದಲು ಡಿಶ್ ಕೇಬಲ್, ಆಮೇಲೆ ಪ್ಲಗ್ಗು. ಅಂದ ಹಾಗೆ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅಂತ 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ) ಸದ್ದು ಬರ್ತಿದೆಯಾ? ಅದೇ ಡಿಶ್ ಕೇಬಲ್ ಒಂದು ಸಲ ಕಿತ್ತು ನೋಡಿ. ನಮ್ಮ ಮನೆಯಲ್ಲಿ ಕಳ್ಳ ಅದೇ ಆಗಿತ್ತು.

ಇಷ್ಟಾದ ಮೇಲೆ ಬುದ್ಧಿ ಬಂತು. ಯುಮಿಕ್ ಅನ್ನೋ ಸದ್ದು ಅಳೆಯುವ ಮೈಕು ತರಿಸಿದೆ, ಆಗ 10 ಸಾವಿರದ ಆಸುಪಾಸು. ಆರ್‌ಇಡಬ್ಲ್ಯೂ ಸಾಫ್ಟ್‌ವೇರ್ (ಮೈಕಿಗೆ ಬಿದ್ದ ಸದ್ದನ್ನು ಗ್ರಾಫಾಗಿ ಬರೆಯುತ್ತೆ) ಹೇಗೂ ಪುಕ್ಕಟೆ. ನಮ್ಮ ರೂಮು 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಎದುರುಬದುರು ಗೋಡೆಗಳ ನಡುವೆ ಯಾವ ಸದ್ದು ಉಬ್ಬುತ್ತೆ ಅಂತ ತಿಳಿಯೋಕೆ 1130ನ್ನು (ಸದ್ದಿನ ವೇಗ, ಸೆಕೆಂಡಿಗೆ ಇಷ್ಟು ಅಡಿ) ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಉದ್ದಕ್ಕೆ 35 ಹರ್ಟ್ಸ್, ಅಗಲಕ್ಕೆ 51, ಎತ್ತರಕ್ಕೆ 56 ಚಿಲ್ಲರೆ. ಗ್ರಾಫಿನಲ್ಲೂ ಗುಡ್ಡಗಳು ಹೆಚ್ಚು ಕಮ್ಮಿ ಅಲ್ಲೇ ಎದ್ದಿದ್ದವು. 35ರಲ್ಲಿ ಸುಮಾರು 14 ಡಿಬಿ (ಡೆಸಿಬೆಲ್) ಏರಿಕೆ. 51, 56 ಎರಡೂ ಒಂದರ ಪಕ್ಕ ಒಂದು ಕೂತು ಡಬಡಬ ಅನ್ನುತ್ತಿದ್ದವು. ಮಿಡ್ಡಿನಲ್ಲಿ, ಅಂದರೆ ಬೇಸಿಗೂ ಟ್ರೆಬಲ್ಲಿಗೂ ನಡುವೆ, ಸದ್ದು ಸಾಯೋಕೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಚಪ್ಪಾಳೆ ತಟ್ಟಿದರೆ ಟ್ರಿಣ್ ಅಂತ ಎರಡು ಗೋಡೆಯ ಮಧ್ಯೆ ಓಡಾಡುತ್ತಿತ್ತು. ಇಂಥ ರೂಮಿಗೆ ಮೂರು ಲಕ್ಷದ ಸ್ಪೀಕರ್ ತಂದರೂ ಅಷ್ಟೇ.

ಮೊದಲು ಎಲ್ಲರ ಹಾಗೆ ಕಪ್ಪು ಪಿರಮಿಡ್ ಫೋಮ್ ತಂದು ಅಂಟಿಸಿದೆ. 9 ಸಾವಿರ. ಒಂದಂಗುಲ ದಪ್ಪ. ಟ್ರೆಬಲ್ ಸತ್ತಿತು, ಗುಂಯ್‌ಗುಡುವುದು ಹಾಗೇ ಉಳಿಯಿತು. ಮಾತು ಕಂಬಳಿ ಹೊದ್ದು ಬಂದ ಹಾಗೆ. ಬೇಸಿಗೆಯಲ್ಲಿ ಅಂಟು ಬಿಟ್ಟು ರಾತ್ರಿ ಒಂದೊಂದೇ ಬೀಳೋದು. ಮನೆಯವಳು ಇಲಿ ಅಂತ ಹೆದರುತ್ತಿದ್ದಳು.

ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆ) ತರಬಹುದಿತ್ತು. ಶಿರಾದವರು ಅದನ್ನೇ ಹಾಕಿಸಿದ್ದಾರೆ, ಚೆನ್ನಾಗಿಯೇ ಇದೆ. ಆದರೆ ಸಾಗಾಟ ಸೇರಿ ನನಗೆ ಹೇಳಿದ ಲೆಕ್ಕ 35 ಸಾವಿರದ ಮೇಲೆ. ಕೈಗೆ ಚುಚ್ಚುತ್ತೆ ಬೇರೆ. ಆಗ ಹೊಳೆದದ್ದು ನಾರು. ತಿಪಟೂರು, ತುರುವೇಕೆರೆ ಕಡೆ ರಸ್ತೆ ಬದಿಯಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುತ್ತೆ. ನಮ್ಮ ಜಿಲ್ಲೆಯಲ್ಲಿದ್ದುಕೊಂಡು ಕಲ್ಲಿನ ಉಣ್ಣೆಗೆ ದೂರದೂರಿಗೆ ದುಡ್ಡು ಕಳಿಸೋದು ಯಾಕೆ ಅಂತ ಹಟ ಹಿಡಿಯಿತು.

ಮೊದಲ ಪ್ರಯತ್ನ ಮಣ್ಣುಪಾಲು. ಎರಡಂಗುಲದ ಕಾಯರ್ ಹಾಸಿಗೆ ಕತ್ತರಿಸಿ ನಾಲ್ಕು ಕಡೆ ನೇತುಹಾಕಿದೆ. ಮೈಕಿಟ್ಟು ಅಳೆದರೆ ಗ್ರಾಫು ಕದಲಲೇ ಇಲ್ಲ ಅನ್ನಬಹುದು. ಮೇಷ್ಟ್ರು ನಕ್ಕಿದ್ದು ಆಗಲೇ. ಅವರ ನಗುವಿಗೂ ಕಾರಣ ಇತ್ತು. ತೆಂಗಿನ ನಾರಿನ ಎಳೆ ದಪ್ಪ. ಗಾಳಿ ಅದರೊಳಗೆ ಅಡ್ಡಿಯಿಲ್ಲದೆ ದಾಟಿಹೋಗುತ್ತೆ. ಎಳೆಗೆ ಉಜ್ಜಿಕೊಂಡು ಹೋದರೆ ತಾನೇ ಸದ್ದು ಸಾಯೋದು? ಹಾಗಾಗಿ ದಪ್ಪ ಬೇಕು, ಒತ್ತಿ ತುಂಬಬೇಕು, ಹಿಂದೆ ಖಾಲಿ ಜಾಗವೂ ಬೇಕು.

ಎರಡನೇ ಸಲ ಬಿಡಿ ನಾರು ತಂದೆ. ಆಗ ಕೆಜಿಗೆ 25 ರೂಪಾಯಿ ಇರಬೇಕು. ರೀಪರ್ ಪಟ್ಟಿಯಲ್ಲಿ 4 ಅಡಿಗೆ 2 ಅಡಿ ಚೌಕಟ್ಟು, ನಾಲ್ಕಂಗುಲ ಆಳ. ಒಂದೊಂದಕ್ಕೆ 6 ಕೆಜಿ ನಾರು ಕಾಲಲ್ಲಿ ತುಳಿದು ತುಂಬಿದೆ. ಗೋಡೆಯಿಂದ ಎರಡಂಗುಲ ಆಚೆ ನಿಲ್ಲಿಸಿದೆ. ಆಗ ಗ್ರಾಫು ಅಲ್ಲಾಡಿತು. ಆದರೂ 300 ಹರ್ಟ್ಸ್ ಕೆಳಗೆ ಸಾಲದು. ಕೊನೆಗೆ ನಾರಿನ ನಡುವೆ ಇನ್ನೊಂದು ಪದರ ಸೇರಿಸಿದೆ. ಅದೇನು ಅಂತ ಮೇಷ್ಟ್ರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಹಳೇ ಮನೆಗಳ ಅಟ್ಟದಲ್ಲಿ ಹುಡುಕಿದರೆ ಸಿಗುತ್ತೆ ಅಂತ ಮಾತ್ರ ಹೇಳಬಲ್ಲೆ. ಆ ಪದರ ಬಂದ ಮೇಲೆ ಒಂದು ಸೆಕೆಂಡು ಹಿಡಿಯುತ್ತಿದ್ದ ಸದ್ದು ಅರ್ಧ ಸೆಕೆಂಡಿನೊಳಗೆ ಬಂತು. 14 ಪ್ಯಾನೆಲ್, ನಾಲ್ಕು ಮೂಲೆಗೆ ನೆಲದಿಂದ ಮೇಲಿನ ತನಕ ತ್ರಿಕೋನದ ಕಂಬ, ನೆಲಕ್ಕೊಂದು ಜಮಖಾನ. ಅಷ್ಟೇ.

ಬಟ್ಟೆ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಯಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ಆಚೆ ಹೋಗಬೇಕು. ಎಂ.ಜಿ. ರೋಡಿನಲ್ಲಿ ನಾನು ಒಂದೊಂದು ಥಾನೂ ಊದಿ ನೋಡುವಾಗ ಅಂಗಡಿಯವರು "ಏನ್ ಸಾರ್, ಬಲೂನ್ ಮಾಡ್ತೀರಾ?" ಅಂದರು. ಕೊನೆಗೆ ತಂದದ್ದು ತೆಳು ಕಾಟನ್, ಬೂದು ಬಣ್ಣ.

ನಾರು ಹಾಗೇ ತುಂಬಿದರೆ ಇನ್ನೆರಡು ತೊಂದರೆ ಇವೆ. ಒಂದು ಧೂಳು. ಚೆನ್ನಾಗಿ ಕೊಡವಿ, ತೊಳೆದು, ತಾರಸಿ ಮೇಲೆ ನಾಲ್ಕು ದಿನ ಒಣಗಿಸಿ. ನಾನು ಮೊದಲ ಸಲ ತೊಳೆಯದೆ ಹಾಕಿ ಮನೆಮಂದಿಯೆಲ್ಲ ಒಂದು ವಾರ ಸೀನಿದ್ದೇವೆ. ಇನ್ನೊಂದು ಬೆಂಕಿ. ಒಣ ನಾರು ಹೇಗೆ ಹತ್ತಿಕೊಳ್ಳುತ್ತೆ ಅಂತ ಒಲೆ ಮುಂದೆ ಕೂತವರಿಗೆ ಗೊತ್ತು. ಬೋರಾಕ್ಸ್, ಬೋರಿಕ್ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿದೆ. ಒಂದು ಹಿಡಿ ತೆಗೆದು ಅಂಗಳದಲ್ಲಿ ಬೆಂಕಿಕಡ್ಡಿ ಗೀರಿ ನೋಡಿದೆ, ಕಪ್ಪಾಯಿತೇ ಹೊರತು ಉರಿಯಲಿಲ್ಲ. ಹುಳ ಹುಪ್ಪಟೆಯೂ ಬಂದಿಲ್ಲ. ಆದರೂ ಪ್ಯಾನೆಲ್ ಹಿಂದೆ ವೈರಿನ ಜಾಯಿಂಟ್ ಇಟ್ಟಿಲ್ಲ, ನೀವೂ ಇಡಬೇಡಿ.

ಇನ್ನು ಬೇಸ್. ನಾರು 35 ಹರ್ಟ್ಸಿಗೆ ಏನೂ ಮಾಡಲ್ಲ. ಮಾಡುತ್ತೆ ಅಂದವರನ್ನು ನಂಬಬೇಡಿ. ನಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಗೋಡೆ ಹತ್ತಿರವೇ ಆ ಗುಡ್ಡ ಹೆಚ್ಚು ಎತ್ತರ. ರೂಮಿನ ನಟ್ಟನಡುವೆ ಕೂತರೆ ಅದೇ 35 ಪೂರ್ತಿ ಮಾಯ. ಸೋಫಾವನ್ನು ಹಿಂದಿನ ಗೋಡೆಯಿಂದ 6 ಅಡಿ ಮುಂದೆ ಎಳೆದೆ. ಒಂದು ಪೈಸೆ ಖರ್ಚಿಲ್ಲದೆ 6–7 ಡಿಬಿ ಇಳಿಯಿತು. ಮನೆಯಲ್ಲಿ ಮಾತ್ರ ಒಂದು ವಾರ ಮಾತಿಲ್ಲ, ಕಸ ಗುಡಿಸೋಕೆ ಜಾಗ ಹಾಳಾಯಿತು ಅಂತ.

ಸಬ್ಬನ್ನು ಸೋಫಾ ಮೇಲೆ ಕೂರಿಸಿ, ನಾನು ಗೋಡೆ ಸುತ್ತ ಅಂಬೆಗಾಲಿಟ್ಟು ಕಿವಿ ಕೊಟ್ಟೆ. ಎಲ್ಲರಿಗೂ ಗೊತ್ತಿರುವ ಆಟವೇ. ಎಲ್ಲಿ ಸಮ ಕೇಳುತ್ತೋ ಅಲ್ಲಿ ಸಬ್. ಮುಂದಿನ ಗೋಡೆಯ ಮಧ್ಯ ಸಿಕ್ಕಿತು. ಅಲ್ಲಿದ್ದರೆ ಅಗಲದ 51 ಏಳುವುದೇ ಇಲ್ಲ. ಉಳಿದ 35ಕ್ಕೆ ಒಂದೇ ಮದ್ದು: ಎದುರು ಗೋಡೆಯ ಮಧ್ಯಕ್ಕೆ ಇನ್ನೊಂದು ಸಬ್. ಎರಡೂ ಒಟ್ಟಿಗೆ ತಳ್ಳಿದರೆ ಉದ್ದದ ಅಲೆ ಒಂದಕ್ಕೊಂದು ಹೊಡೆದುಕೊಂಡು ತಣ್ಣಗಾಗುತ್ತೆ. ಕೊಂಡ ಸಬ್ಬಿಗೆ ಆಗಲೇ 36 ಸಾವಿರ ಕೊಟ್ಟಿದ್ದೆ. ಇನ್ನೊಂದಕ್ಕೆ ದುಡ್ಡಿಲ್ಲ.

ಆಗ ಶುರುವಾಯಿತು ಮೋರಿ ಪೈಪಿನ ಹುಚ್ಚು. ಸಬ್ಬಿನ ಡಬ್ಬ ಅದುರಬಾರದು ಅಂತ ತಾನೇ ಎಲ್ಲರೂ ದಪ್ಪ ಪ್ಲೈವುಡ್ ಹಾಕೋದು? ಸಿಮೆಂಟಿಗಿಂತ ಗಟ್ಟಿ ಯಾವುದಿದೆ? 18 ಅಂಗುಲದ ಹ್ಯೂಮ್ ಪೈಪು, ಎರಡಡಿ ತುಂಡು. ಒಳಗೆ ಸುಮಾರು 95 ಲೀಟರ್ ಜಾಗ. ಪೈಪು ಮಾರುವ ಕಡೆ ಅಂಚು ಒಡೆದ ತುಂಡೊಂದು 450 ರೂಪಾಯಿಗೆ ಸಿಕ್ಕಿತು. ಮಹಡಿಗೆ ಹತ್ತಿಸಲು ನಾಲ್ಕು ಜನ, ಅವರಿಗೆ 800 ರೂಪಾಯಿ ಮತ್ತು ಊಟ. ನೂರು ಕೆಜಿ ದಾಟಿತ್ತು. ಮೆಟ್ಟಿಲಿನ ಎರಡು ಗ್ರಾನೈಟು ಚಕ್ಕೆ ಎದ್ದಿದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೇಲೆ ಕೆಳಗೆ ಎರಡು ಪದರ 18 ಎಂಎಂ ಪ್ಲೈ, ಥ್ರೆಡ್ ರಾಡಿನಲ್ಲಿ ಬಿಗಿದೆ. 12 ಇಂಚಿನ ಡ್ರೈವರ್ (ಸದ್ದು ಹೊರಡಿಸುವ ಕೋನು) 7 ಸಾವಿರ, ಪ್ಲೇಟ್ ಆಂಪ್ (ಸಬ್ಬಿಗೆ ಮಾತ್ರದ ಆಂಪ್ಲಿಫೈಯರ್) 9 ಸಾವಿರ. ಮೊದಲ ದಿನ ಬೇಸಿನ ಬದಲು ಫುಸ್ ಫುಸ್ ಅಂತ ಗಾಳಿ. ಎಲ್ಲಿ ಸೋರುತ್ತಿದೆ ಗೊತ್ತಾಗಲಿಲ್ಲ. 20 ಹರ್ಟ್ಸ್ ಹಾಕಿ ಊದುಬತ್ತಿ ಹಚ್ಚಿ ಸುತ್ತ ಹಿಡಿದೆ. ಹೊಗೆ ಎಲ್ಲಿ ನಡುಗಿತೋ ಅಲ್ಲಿ ತೂತು. ಮನೆಯವಳು ಬಾಗಿಲಲ್ಲಿ ನಿಂತು, "ಮೋರಿ ಪೈಪಿಗೆ ಪೂಜೆ ಬೇರೆ ಶುರುವಾಯ್ತಾ?" ಅಂದಳು. ಅಂಚಿಗೆ ಹಳೇ ಸೈಕಲ್ ಟ್ಯೂಬು ಕೊಯ್ದು ಹಾಸಿ, ಎಂ-ಸೀಲ್ ಮೆತ್ತಿದ ಮೇಲೆ ನಿಂತಿತು.

ಎರಡು ಬೇರೆ ಬೇರೆ ಜಾತಿಯ ಸಬ್ ಹೊಂದಿಸುವುದು ಎತ್ತು ಎಮ್ಮೆ ಜೋಡಿ ಕಟ್ಟಿದ ಹಾಗೆ. ನನ್ನ ರಿಸೀವರಿನಲ್ಲಿ ಸಬ್ ಔಟ್ ಎರಡಿದ್ದರೂ ಎರಡಕ್ಕೂ ಹೋಗುವುದು ಒಂದೇ ಸಿಗ್ನಲ್. ಹಾಗಾಗಿ ಪ್ಲೇಟ್ ಆಂಪಿನ ಫೇಸ್ ನಾಬ್ (ಅಲೆಯನ್ನು ಹಿಂದೆ ಮುಂದೆ ಸರಿಸುವುದು) ತಿರುಗಿಸಿಯೇ ಹೊಂದಿಸಬೇಕು. ಮೂರು ಭಾನುವಾರ ಹೋಯಿತು. ಕೊನೆಗೆ ಅಳೆಯುವ ಕ್ರಮವನ್ನೇ ತಲೆಕೆಳಗು ಮಾಡಿದಾಗ ಸರಿಹೋಯಿತು. ಆ ಕ್ರಮ ಬೇಕಾದವರು ಮನೆಗೆ ಬನ್ನಿ, ತೋರಿಸುತ್ತೇನೆ. ಈಗ 14 ಡಿಬಿಯ ಗುಡ್ಡ 4ಕ್ಕೆ ಬಂದಿದೆ.

ಪೆಟ್ಟಿಗೆಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ರಿಸೀವರ್ ಸೆಕೆಂಡ್‌ಹ್ಯಾಂಡ್ ಡೆನಾನ್ 2700, 38 ಸಾವಿರ. ಬುಕ್‌ಶೆಲ್ಫ್ ಅನ್ನೋ ಸಣ್ಣ ಸ್ಪೀಕರ್ ಜೋಡಿ ಹಳೇದು, 19 ಸಾವಿರ. 80 ಹರ್ಟ್ಸ್ ಕೆಳಗಿನ ಕೆಲಸ ಸಬ್ಬಿಗೆ ಕೊಟ್ಟ ಮೇಲೆ ಟವರಿಗೆ ಯಾಕೆ ದುಡ್ಡು ಸುರಿಯಬೇಕು? ಗುಬ್ಬಿಯವರು ಇದನ್ನು ಒಪ್ಪಲ್ಲ, ಜಗಳ ಇನ್ನೂ ನಡೀತಿದೆ. ಮಾತು ಬರುವ ಸೆಂಟರ್ ಸ್ಪೀಕರಿಗೆ ಮಾತ್ರ ಹೊಸದು ತಂದೆ, 16 ಸಾವಿರ. ಡೈಲಾಗ್ ಅರ್ಥವಾಗದಿದ್ದರೆ ಉಳಿದದ್ದೆಲ್ಲ ಯಾತಕ್ಕೆ? ಸರೌಂಡ್ ಸ್ಪೀಕರಿಗೆ 12 ಸಾವಿರ ಸಾಕಾಯಿತು. ರಿಸೀವರಿನಲ್ಲಿ ರೂಮಿಗೆ ತಕ್ಕಂತೆ ಸದ್ದು ತಿದ್ದುವ ಆಡಿಸ್ಸಿಯನ್ನು ಆ್ಯಪ್‌ನಲ್ಲಿ ಹಿಡಿದು 500 ಹರ್ಟ್ಸ್ ಒಳಗೆ ಮಾತ್ರ ಕೈಯಾಡಿಸಲು ಬಿಟ್ಟಿದ್ದೇನೆ. 2 ಕಿಲೋಹರ್ಟ್ಸ್ ಹತ್ತಿರ ಅದು ಮಾಡುವ ಹಳ್ಳವನ್ನೂ ತೆಗೆಸಿದೆ. ಮಾತು ತಕ್ಷಣ ಎದುರಿಗೆ ಬಂದು ಕೂತಿತು.

ಪ್ಯಾನೆಲ್ಲಿಗೆ 13 ಸಾವಿರ, ಮೂಲೆಗೆ 4, ಪೈಪಿನ ಸಬ್ಬಿಗೆ ಕೂಲಿ ಸೇರಿ 17, ಮೈಕು 10. ಎಲ್ಲ ಕೂಡಿದರೆ ಪ್ರೊಜೆಕ್ಟರ್ ಬಿಟ್ಟು 1 ಲಕ್ಷ 65 ಸಾವಿರ. ಶಿರಾದವರ ರೂಮಿಗೆ ಇದರ ಎರಡೂವರೆ ಪಟ್ಟು ಆಗಿದೆ. ಅವರ ಗ್ರಾಫು ನನ್ನ ಹತ್ತಿರ ಇದೆ, ಇಲ್ಲಿ ಹಾಕಲ್ಲ. ಊಟ ಹಾಕಿದ ಮನೆ.

56 ಹರ್ಟ್ಸ್ ಮಾತ್ರ ಇನ್ನೂ ಬಗ್ಗಿಲ್ಲ. ಅದು ನೆಲ ಮತ್ತು ತಾರಸಿ ನಡುವಿನದು, ಸೋಫಾ ಎಳೆದು ಸರಿ ಮಾಡೋಕಾಗಲ್ಲ. ಹಿಂದಿನ ಸಬ್ಬನ್ನು ನೆಲದಿಂದ ಅರ್ಧ ಎತ್ತರಕ್ಕೆ ಏರಿಸಿದರೆ ಸ್ವಲ್ಪ ತಗ್ಗೀತು. ಆದರೆ ಆ ಮೋರಿ ಪೈಪನ್ನು ಐದಡಿ ಮೇಲೆ ನಿಲ್ಲಿಸುವವರು ಯಾರು? ಮೇಷ್ಟ್ರಿಗೆ ಆರು ಪ್ಯಾನೆಲ್ ಬೇಕಂತೆ. ಮುಂದಿನ ಭಾನುವಾರ ನಾರು ತುಳಿಯೋಕೆ ಬರ್ತಾರೆ. ನಡುವಿನ ಪದರ ನಾನೊಬ್ಬನೇ ಇರುವಾಗ ಹಾಕುತ್ತೇನೆ ಅಂತ ಮೊದಲೇ ಹೇಳಿದ್ದೇನೆ.